ಹರಿಯುವ ಮುನ್ನವೇ ತಗಡನ್ನು ಓದುವುದು: ಪ್ರೆಸ್ ಶಾಪಿನವರಿಗಾಗಿ ಒಂದು ಮಾರ್ಗದರ್ಶಿ

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶ, ಹೀಗೆ ಎಲ್ಲಿಯೇ ಪ್ರೆಸ್ ಶಾಪಿಗೆ ಹೋದರೂ ಗೋಡೆಯ ಬದಿಗೆ ಹರಿದ ಪೀಸುಗಳ ಒಂದು ಗುಂಪಿ ಇದ್ದೇ ಇರುತ್ತದೆ. ತಗಡು ಹರಿದ ದಿನ ಎಲ್ಲರೂ ಆ ಗುಂಪಿಯ ಸುತ್ತ ಸೇರುತ್ತಾರೆ. ಒಬ್ಬರು ಡೈಗೆ (ತಗಡಿಗೆ ಆಕಾರ ಕೊಡುವ ಅಚ್ಚಿಗೆ) ಪಾಲಿಷ್ ಹಾಕಿಸುತ್ತಾರೆ, ಇನ್ನೊಬ್ಬರು ಎಣ್ಣೆ ಬದಲಿಸುತ್ತಾರೆ, ಮತ್ತೊಬ್ಬರು ಬ್ಲ್ಯಾಂಕ್ ಹೋಲ್ಡರಿನ, ಅಂದರೆ ಒತ್ತಲು ಕತ್ತರಿಸಿಟ್ಟ ತಗಡಿನ (ಬ್ಲ್ಯಾಂಕಿನ) ಅಂಚನ್ನು ಅದುಮಿ ಹಿಡಿಯುವ ಭಾಗದ, ಒತ್ತಡ ಇಳಿಸುತ್ತಾರೆ. ಸಂಜೆಯ ಹೊತ್ತಿಗೆ ಹರಿಯುವುದು ನಿಂತರೂ ಯಾವುದರಿಂದ ನಿಂತಿತೆಂಬುದು ಯಾರಿಗೂ ಗೊತ್ತಿರುವುದಿಲ್ಲ. ಈ ಬರಹ ಇದಕ್ಕೆ ಹಿಂದುಮುಂದಾದ ಒಂದು ಕ್ರಮವನ್ನು ಹೇಳುತ್ತದೆ: ಅಳೆಯಬೇಕಾದದ್ದು ಹರಿದ ಪೀಸನ್ನಲ್ಲ, ಹರಿಯದೆ ಚೆನ್ನಾಗಿ ಬಂದ ಪೀಸನ್ನು. ಅದು ಮಿತಿಗೆ ಎಷ್ಟು ಹತ್ತಿರವಿದೆ ಎಂದು ತಿಳಿದರೆ ನಾಳೆ ಹರಿಯುವುದೋ ಇಲ್ಲವೋ ಎಂಬುದನ್ನು ಇಂದೇ ಬಹುಮಟ್ಟಿಗೆ ಹೇಳಬಹುದು.

ಮೊದಲು ಜಾಗವನ್ನು ನೋಡಬೇಕು

ತಗಡು ಎಲ್ಲಿ ಸೋಲುತ್ತದೆಯೋ ಅದೇ ಅರ್ಧ ಕಾರಣವನ್ನು ಹೇಳುತ್ತದೆ. ತಂಬಿಗೆಯಂಥ ಬಟ್ಟಲಾಕಾರದ ಪೀಸಿನಲ್ಲಿ ಪಂಚಿನ (ತಗಡನ್ನು ಡೈಯೊಳಕ್ಕೆ ತಳ್ಳುವ ಉಪಕರಣದ) ತಳದ ಸುತ್ತು (ಮೂಲೆಯ ದುಂಡು, ರೇಡಿಯಸ್) ಎಲ್ಲಿ ಗೋಡೆಗೆ ತಿರುಗುತ್ತದೆಯೋ ಅಲ್ಲಿ ಸುತ್ತಲೂ ಕತ್ತರಿಸಿದಂತೆ ಹರಿದರೆ, ಅಂಚಿನ ತಗಡು ಒಳಗೆ ಜಾರಿಬರಲು ಬೇಕಾದ ಬಲವನ್ನು ಗೋಡೆ ಹೊರಲಾರದೆ ಹೋಗಿದೆ ಎಂದರ್ಥ. ಹೋಲ್ಡರಿನ ಒತ್ತಡ ಹೆಚ್ಚಾಗಿರಬಹುದು, ಡೈಯ ಬಾಯಿಯ ಸುತ್ತು ಚಿಕ್ಕದಾಗಿರಬಹುದು, ಎಣ್ಣೆ ಕಡಿಮೆಯಾಗಿರಬಹುದು, ಇಲ್ಲವೇ ಬ್ಲ್ಯಾಂಕೇ ದೊಡ್ಡದಾಗಿರಬಹುದು. ಬ್ಲ್ಯಾಂಕಿನ ವ್ಯಾಸವನ್ನು ಪಂಚಿನ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆ ಮೊದಲ ಎಳೆತದಲ್ಲಿ 2ರ ಸಮೀಪಕ್ಕೆ ಹೋದಂತೆಲ್ಲ ಸಾಮಾನ್ಯ ಡ್ರಾಯಿಂಗ್ ಶೀಟು ಕೈಕೊಡುವ ಸಂಭವ ಹೆಚ್ಚು, 1.8ರ ಒಳಗೆ ಇಟ್ಟುಕೊಂಡವರು ನೆಮ್ಮದಿಯಿಂದ ಇರುತ್ತಾರೆ. ಹರಿಯಿತೆಂದು ಹೋಲ್ಡರನ್ನು ತೀರ ಸಡಿಲ ಬಿಟ್ಟರೆ ಅಂಚು ಸುಕ್ಕುಗಟ್ಟಿ, ಆ ಸುಕ್ಕು ಡೈಯ ಬಾಯಿಗೆ ಸಿಕ್ಕಿಕೊಂಡು, ಮತ್ತೆ ಅದೇ ಜಾಗದಲ್ಲಿ ಹರಿಯುತ್ತದೆ. ಒತ್ತಡ ಇಳಿಸಿದ ಮೇಲೂ ಏಕೆ ಹರಿಯಿತು ಎಂದು ತಲೆ ಕೆರೆದುಕೊಳ್ಳುವ ಸಂದರ್ಭಗಳಲ್ಲಿ ಬಹಳಷ್ಟು ಇದೇ ಆಗಿರುತ್ತದೆ.

ಉಬ್ಬಿದ ಭಾಗದ ನಡುವೆ ಅಥವಾ ಮೂಲೆಯ ಗೋಡೆಯಲ್ಲಿ ಹರಿದರೆ ಅದು ಹಿಗ್ಗಿನ ಸೋಲು: ಅಕ್ಕಪಕ್ಕದಿಂದ ತಗಡು ಬಾರದೆ, ಇದ್ದಲ್ಲೇ ಹಿಗ್ಗಿ ತೆಳುವಾಗಿದೆ. ಕತ್ತರಿಸಿದ ಅಂಚಿನಿಂದಲೇ ಬಿರುಕು ಆರಂಭವಾಗಿದ್ದರೆ ಅದು ಮೂರನೆಯ ಜಾತಿ. ಅದನ್ನು ಮುಂದೆ ಬೇರೆಯಾಗಿಯೇ ನೋಡೋಣ.

ಮೊದಲ ಎರಡರಲ್ಲೂ ತಗಡು ಏಕಾಏಕಿ ಹರಿಯುವುದಿಲ್ಲ. ಒಂದು ಹಂತದವರೆಗೆ ಹಿಗ್ಗು ಸುತ್ತಲಿನ ಜಾಗಕ್ಕೆಲ್ಲ ಹಂಚಿಕೊಳ್ಳುತ್ತದೆ, ಏಕೆಂದರೆ ಹಿಗ್ಗಿದ ಭಾಗ ಗಟ್ಟಿಯಾಗುತ್ತ ಹೋಗಿ ಪಕ್ಕದ ಮೃದು ಭಾಗವನ್ನು ಹಿಗ್ಗಲು ದೂಡುತ್ತದೆ. ಗಟ್ಟಿಯಾಗುವ ವೇಗ ತೆಳುವಾಗುವ ವೇಗಕ್ಕೆ ಸಾಲದಾದಾಗ ಹಂಚಿಕೆ ನಿಂತು, ದಪ್ಪದಷ್ಟೇ ಅಗಲದ ಒಂದು ಗೆರೆಯಲ್ಲಿ ಎಲ್ಲ ಹಿಗ್ಗೂ ಬಂದು ಸೇರುತ್ತದೆ. ಇದಕ್ಕೆ ಶಾಪಿನಲ್ಲಿ ನೆಕ್ಕಿಂಗ್ ಎನ್ನುತ್ತೇವೆ. ನೆಕ್ ಬಿದ್ದ ಪೀಸು ಹರಿದಿರುವುದಿಲ್ಲವಾದರೂ ಅದನ್ನು ಸೋತ ಪೀಸೆಂದೇ ಎಣಿಸಬೇಕು. ಟ್ಯೂಬ್‌ಲೈಟಿನ ಕೆಳಗೆ ಪೀಸನ್ನು ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿದರೆ ಬೆಳಕಿನ ಗೆರೆ ಆ ಜಾಗದಲ್ಲಿ ಸಣ್ಣಗೆ ಮುರಿಯುತ್ತದೆ. ಕಣ್ಣಿಗೆ ಕಾಣದಿದ್ದರೆ ಉಗುರನ್ನು ಅಡ್ಡವಾಗಿ ಎಳೆದು ನೋಡಬೇಕು, ಉಗುರಿಗೆ ಆ ತಗ್ಗು ತಿಳಿಯುತ್ತದೆ. ನಾನು ಬಲ್ಲ ಹಿರಿಯ ಆಪರೇಟರುಗಳಲ್ಲಿ ಹಲವರು ಗೇಜಿಗಿಂತ ಮೊದಲು ಉಗುರನ್ನೇ ನಂಬುತ್ತಾರೆ, ಮತ್ತು ಅವರು ತಪ್ಪಿದ್ದನ್ನು ನಾನು ಕಂಡದ್ದು ಕಡಿಮೆ.

ಕಾಯಿಲಿನ ಜಾತಕ

ತಗಡಿನ ಶಕ್ತಿಯನ್ನು ಹೇಳುವ ಸಂಖ್ಯೆಗಳು ಎರಡು. ಎಳೆದಂತೆಲ್ಲ ತಗಡು ಎಷ್ಟು ಗಟ್ಟಿಯಾಗುತ್ತದೆ ಎಂಬುದನ್ನು ಹೇಳುವುದು ಎನ್ ಮೌಲ್ಯ. ಎಳೆದಾಗ ದಪ್ಪವನ್ನು ಬಿಟ್ಟುಕೊಡದೆ ಅಗಲದಲ್ಲಿ ಎಷ್ಟು ಕುಗ್ಗುತ್ತದೆ ಎಂಬುದನ್ನು ಹೇಳುವುದು ಆರ್ ಮೌಲ್ಯ. ಹಿಗ್ಗಿಸುವ ಕೆಲಸಕ್ಕೆ ಎನ್ ಬೇಕು, ಆಳವಾಗಿ ಎಳೆಯುವ ಕೆಲಸಕ್ಕೆ ಆರ್ ಬೇಕು. ಬಟ್ಟಲು ಎಳೆಯುವವರು ಎನ್ ಹಿಂದೆ ಓಡುವುದೂ, ಉಬ್ಬು ಕೊಡುವವರು ಆರ್ ಹಿಂದೆ ಓಡುವುದೂ ದುಡ್ಡು ದಂಡ. ಆರ್ ಮೌಲ್ಯವನ್ನು ರೋಲಿಂಗ್ ದಿಕ್ಕಿಗೆ 0, 45 ಮತ್ತು 90 ಡಿಗ್ರಿಯಲ್ಲಿ ಕತ್ತರಿಸಿದ ಪಟ್ಟಿಗಳಿಂದ ತೆಗೆದು, 45ರದ್ದನ್ನು ಎರಡು ಸಲ ಲೆಕ್ಕಕ್ಕೆ ಹಿಡಿದು, ಒಟ್ಟನ್ನು ನಾಲ್ಕರಿಂದ ಭಾಗಿಸಿ ಸರಾಸರಿ ಮಾಡುತ್ತಾರೆ. ಈ ಮೂರು ದಿಕ್ಕುಗಳ ನಡುವಿನ ವ್ಯತ್ಯಾಸವೇ ಬಟ್ಟಲಿನ ಬಾಯಿಯಲ್ಲಿ ಕಿವಿಗಳಂತೆ ಏಳುವ ಏರಿಳಿತಕ್ಕೆ ಕಾರಣ.

ನಮ್ಮಲ್ಲಿ ಸಿಆರ್‌ಸಿಎ ಶೀಟನ್ನು (ತಣ್ಣಗೆ ಉರುಳಿಸಿ, ಆಮೇಲೆ ಮುಚ್ಚಿದ ಕುಲುಮೆಯಲ್ಲಿ ಕಾಯಿಸಿ ಮೃದುಗೊಳಿಸಿದ ಉಕ್ಕಿನ ತಗಡನ್ನು) ಭಾರತೀಯ ಮಾನಕ ಐಎಸ್ 513 ಪ್ರಕಾರ ಕೊಳ್ಳುತ್ತೇವೆ. ಬಾಯಿಮಾತಿನಲ್ಲಿ ಇಂದಿಗೂ ಡಿ (ಡ್ರಾಯಿಂಗ್), ಡಿಡಿ (ಡೀಪ್ ಡ್ರಾಯಿಂಗ್), ಇಡಿಡಿ (ಎಕ್ಸ್ಟ್ರಾ ಡೀಪ್ ಡ್ರಾಯಿಂಗ್) ಎನ್ನುತ್ತೇವೆ, ಕಾಗದದಲ್ಲಿ ಸಿಆರ್2, ಸಿಆರ್3, ಸಿಆರ್4 ಎಂದಿರುತ್ತದೆ. ದರ್ಜೆ ಸರಿಯಿದ್ದ ಮಾತ್ರಕ್ಕೆ ಎಲ್ಲ ಕಾಯಿಲೂ (ಸುರುಳಿ ಸುತ್ತಿ ಬರುವ ತಗಡೂ) ಒಂದೇ ಎಂದು ತಿಳಿಯುವುದು ದೊಡ್ಡ ತಪ್ಪು. ಟೆಸ್ಟ್ ಸರ್ಟಿಫಿಕೇಟಿನಲ್ಲಿ ಈಲ್ಡ್ (ತಗಡು ಶಾಶ್ವತವಾಗಿ ಹಿಗ್ಗತೊಡಗುವ ಒತ್ತಡ), ಟೆನ್ಸೈಲ್ (ಅದು ತಾಳುವ ಗರಿಷ್ಠ ಒತ್ತಡ) ಮತ್ತು ಒಟ್ಟು ಹಿಗ್ಗು ಇರುತ್ತವೆ. ಒಟ್ಟು ಹಿಗ್ಗಿನಲ್ಲಿ ನೆಕ್ ಬಿದ್ದ ಮೇಲಿನ ಹಿಗ್ಗೂ ಸೇರಿಕೊಂಡಿರುವುದರಿಂದ ಅದು ನಮ್ಮ ಕೆಲಸಕ್ಕೆ ಅರ್ಧವಷ್ಟೇ ಉಪಯೋಗ. ನಮಗೆ ಬೇಕಾದದ್ದು ಗರಿಷ್ಠ ಲೋಡು ಬರುವವರೆಗಿನ ಸಮಹಿಗ್ಗು. ಎನ್ ಮತ್ತು ಆರ್ ಎರಡನ್ನೂ ಬರೆದುಕೊಡಿರೆಂದು ಸರಬರಾಜುದಾರರನ್ನು ಕೇಳಬೇಕು. ಕೊಡದಿದ್ದರೆ ಪಟ್ಟಿ ಕತ್ತರಿಸಿ ಎಕ್ಸ್‌ಟೆನ್ಸೊಮೀಟರ್ ಇರುವ ಪ್ರಯೋಗಾಲಯಕ್ಕೆ ಕಳಿಸಬೇಕು. ತುರ್ತಿಗೆ ಒಂದು ಉಪಾಯವಿದೆ. ಗರಿಷ್ಠ ಲೋಡಿನಲ್ಲಿ ಇರುವ ನಿಜ ಹಿಗ್ಗು (ಹಿಗ್ಗಿದ ಉದ್ದಕ್ಕೂ ಮೂಲ ಉದ್ದಕ್ಕೂ ಇರುವ ಅನುಪಾತದ ಸ್ವಾಭಾವಿಕ ಲಾಗರಿದಮ್) ಎನ್ ಮೌಲ್ಯಕ್ಕೆ ಹೆಚ್ಚುಕಡಿಮೆ ಸಮ. ಆದ್ದರಿಂದ ಸಮಹಿಗ್ಗು ಶೇ. 20 ಇದ್ದರೆ 1.20ರ ಸ್ವಾಭಾವಿಕ ಲಾಗರಿದಮ್ ತೆಗೆದಾಗ ಬರುವ 0.18ನ್ನು ಎನ್ ಎಂದು ಹಿಡಿಯಬಹುದು. ಶೇ. 17 ಇದ್ದರೆ ಅದು 0.16ಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಚಿಕ್ಕದಾಗಿ ಕಾಣುವ ಈ 0.02 ಏನು ಮಾಡುತ್ತದೆ ಎಂಬುದಕ್ಕೆ ನನ್ನ ಅನುಭವದ್ದೇ ಒಂದು ಉದಾಹರಣೆ ಕೊಡುತ್ತೇನೆ.

ವರ್ತುಲಗಳ ಲೆಕ್ಕ

ಹಲವು ವರ್ಷಗಳ ಹಿಂದೆ ನಾನು ಕ್ವಾಲಿಟಿ ನೋಡಿಕೊಳ್ಳುತ್ತಿದ್ದ ಒಂದು ಶಾಪಿನಲ್ಲಿ 0.8 ಮಿ.ಮೀ. ಶೀಟಿನ ಒಂದು ಕವರ್ ಒತ್ತುತ್ತಿದ್ದೆವು. ಎರಡು ವಾರ ಒಂದೂ ಹರಿಯದೆ ಬಂದದ್ದು ಒಂದು ಬೆಳಿಗ್ಗೆ ಮೂಲೆಯಲ್ಲಿ ಹರಿಯತೊಡಗಿತು. ಆಪರೇಟರ್ ಬಂದು ಹೇಳಿದ್ದು ಇಷ್ಟು: "ನಿನ್ನಿ ಮಟಾ ಚಲೋ ಬರತಿತ್ತು ಸರ, ಇವತ್ತ ಹರ್ಯಾಕತ್ತೈತಿ, ಡೈ ಅದ ಐತಿ, ಎಣ್ಣಿ ಅದ ಐತಿ." ಅವರ ಮಾತಿನಲ್ಲಿ ಪೂರ್ತಿ ಸತ್ಯವಿತ್ತು, ನಾವು ಮಾತ್ರ ಎರಡು ದಿನ ಡೈಯನ್ನೇ ಉಜ್ಜಿದೆವು. ಕೊನೆಗೆ ಟೂಲ್‌ರೂಮಿನಲ್ಲಿ ಉಳಿದಿದ್ದ, ಟ್ರಯಲ್ ಸಮಯದಲ್ಲಿ ವರ್ತುಲ ಮುದ್ರಿಸಿ ಒತ್ತಿದ್ದ ಹಳೆಯ ಒಳ್ಳೆಯ ಪೀಸನ್ನು ತೆಗೆದು ಅಳೆದಾಗ ಉತ್ತರ ಸಿಕ್ಕಿತು.

ವರ್ತುಲ ಮುದ್ರಿಸುವುದೆಂದರೆ ಒತ್ತುವ ಮುನ್ನ ಬ್ಲ್ಯಾಂಕಿನ ಮೇಲೆ ವಿದ್ಯುತ್‌ರಾಸಾಯನಿಕ ಎಚ್ಚಿಂಗಿನಿಂದ ಸಾಲುಸಾಲಾಗಿ ಚಿಕ್ಕ ವರ್ತುಲಗಳನ್ನು ಮೂಡಿಸುವುದು, 2.5 ಮಿ.ಮೀ. ವ್ಯಾಸ ಬಳಕೆಯಲ್ಲಿರುವ ಅಳತೆ. ಕೊರೆದ ಸ್ಟೆನ್ಸಿಲ್, ಉಪ್ಪುದ್ರಾವಣದಲ್ಲಿ ನೆನೆಸಿದ ಪ್ಯಾಡು, ಕಡಿಮೆ ವೋಲ್ಟೇಜಿನ ಕರೆಂಟು ಇಷ್ಟಿದ್ದರೆ ಕೆಲಸ ನಡೆಯುತ್ತದೆ. ಮೊಳೆಯಿಂದ ಗೀರಿದ ಗುರುತು ಬೇಡ, ಆ ಗೀರೇ ಬಿರುಕಿಗೆ ದಾರಿಯಾಗುತ್ತದೆ. ಒತ್ತಿದ ಮೇಲೆ ವರ್ತುಲಗಳು ಮೊಟ್ಟೆಯಾಕಾರ ತಾಳುತ್ತವೆ. ಉದ್ದನೆಯ ಅಡ್ಡಳತೆಯಿಂದ ದೊಡ್ಡ ಹಿಗ್ಗೂ, ಗಿಡ್ಡನೆಯದರಿಂದ ಸಣ್ಣ ಹಿಗ್ಗೂ ಸಿಗುತ್ತವೆ. ಸಣ್ಣದು ಕೆಲವೊಮ್ಮೆ ಕುಗ್ಗು ಆಗಿರುತ್ತದೆ. ನಮ್ಮ ಪೀಸಿನ ಮೂಲೆಯಲ್ಲಿ 2.5ರ ವರ್ತುಲ 3.2 ಮತ್ತು 2.4 ಆಗಿತ್ತು. ಅಂದರೆ ಒಂದು ಕಡೆ ಶೇ. 28 ಹಿಗ್ಗು, ಇನ್ನೊಂದು ಕಡೆ ಶೇ. 4 ಕುಗ್ಗು. ತಗಡಿನ ಘನಗಾತ್ರ ಬದಲಾಗುವುದಿಲ್ಲವಾದ್ದರಿಂದ 0.8ನ್ನು 1.28 ಮತ್ತು 0.96ರ ಗುಣಲಬ್ಧದಿಂದ ಭಾಗಿಸಿದರೆ ಆ ಜಾಗದ ದಪ್ಪ 0.65 ಮಿ.ಮೀ. ಎಂದು ಬರುತ್ತದೆ. ಗರಗಸದಿಂದ ಕೊಯ್ದು, ಚೂಪು ತುದಿಯ ಮೈಕ್ರೋಮೀಟರಿನಿಂದ ನೋಡಿದಾಗಲೂ ಅಷ್ಟೇ ಇತ್ತು. ಈ ಎರಡು ಅಳತೆಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಮುಂದಿನ ಲೆಕ್ಕಕ್ಕೆ ಹೋಗಲೇಬಾರದು.

ಈಗ ಮಿತಿಯ ಮಾತು. ದೊಡ್ಡ ಹಿಗ್ಗನ್ನು ಮೇಲಕ್ಕೂ ಸಣ್ಣ ಹಿಗ್ಗನ್ನು ಅಡ್ಡಕ್ಕೂ ಗುರುತಿಸಿ, ನೆಕ್ ಬಿದ್ದ ಮತ್ತು ಬೀಳದ ಬಿಂದುಗಳ ನಡುವೆ ಎಳೆದ ಗೆರೆಯ ಚಿತ್ರಕ್ಕೆ ಫಾರ್ಮಿಂಗ್ ಲಿಮಿಟ್ ಡಯಾಗ್ರಾಮ್, ಚಿಕ್ಕದಾಗಿ ಎಫ್‌ಎಲ್‌ಡಿ, ಎನ್ನುತ್ತಾರೆ. ಎರಡು ಕಡೆಗೂ ಹಿಗ್ಗುವ ಬಲಭಾಗವನ್ನು 1960ರ ದಶಕದಲ್ಲಿ ಕೀಲರ್ ಕಟ್ಟಿಕೊಟ್ಟರು. ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಕುಗ್ಗುವ ಎಡಭಾಗವನ್ನು 1968ರಲ್ಲಿ ಗುಡ್‌ವಿನ್ ಸೇರಿಸಿದರು. ಪ್ರಯೋಗದಿಂದ ಈ ಗೆರೆ ಪಡೆಯುವ ವಿಧಾನ ಐಎಸ್ಒ 12004ರಲ್ಲಿದೆ; ಬೇರೆಬೇರೆ ಅಗಲದ ಪಟ್ಟಿಗಳನ್ನು ಅರ್ಧಗೋಳದ ಪಂಚಿನಿಂದ ಉಬ್ಬಿಸುವ ನಕಾಜಿಮಾ ಪರೀಕ್ಷೆಯೂ, ಚಪ್ಪಟೆ ಪಂಚಿನ ಮಾರ್ಚಿನಿಯಾಕ್ ಪರೀಕ್ಷೆಯೂ ಅದರ ಎರಡು ದಾರಿಗಳು. ಸಣ್ಣ ಶಾಪಿಗೆ ಅದು ದುಬಾರಿ. ಮೃದು ಉಕ್ಕಿಗಾದರೆ ಕೀಲರ್ ಮತ್ತು ಬ್ರೇಜಿಯರ್ ಕೊಟ್ಟ ಸರಳ ಸೂತ್ರ ಸಾಕಷ್ಟು ನಂಬಿಕೆಗೆ ಅರ್ಹ. ಗೆರೆಯ ಅತಿ ತಗ್ಗಿನ ಬಿಂದು, ಅಂದರೆ ಸಣ್ಣ ಹಿಗ್ಗು ಸೊನ್ನೆಯಾಗಿರುವಲ್ಲಿನ ಮಿತಿ, ಶೇಕಡಾ ಲೆಕ್ಕದಲ್ಲಿ ಹೀಗಿದೆ:

ಮಿತಿ = (23.3 + 14.13 × ಮಿ.ಮೀ.ನಲ್ಲಿ ದಪ್ಪ) × ಎನ್ ÷ 0.21

ಎನ್ 0.21ಕ್ಕಿಂತ ಹೆಚ್ಚಿದ್ದರೂ 0.21 ಎಂದೇ ಹಿಡಿಯಬೇಕು, 3 ಮಿ.ಮೀ. ಮೀರಿದ ದಪ್ಪಕ್ಕೆ ಈ ಸೂತ್ರವನ್ನು ಎಳೆಯಬಾರದು. 0.8 ಮಿ.ಮೀ. ದಪ್ಪ ಮತ್ತು 0.18 ಎನ್ ಇದ್ದರೆ ಮಿತಿ ಶೇ. 29.7. ಎಡಭಾಗದಲ್ಲಿ ಗೆರೆ ಮೇಲೇರುತ್ತದೆ. ನಿಜ ಹಿಗ್ಗಿನ ಲೆಕ್ಕದಲ್ಲಿ ಸಣ್ಣದು ಎಷ್ಟು ಕುಗ್ಗಿತೋ ದೊಡ್ಡದರ ಮಿತಿ ಅಷ್ಟೇ ಏರುತ್ತದೆ. ಆದ್ದರಿಂದ ಶೇ. 4 ಕುಗ್ಗಿರುವ ನಮ್ಮ ಮೂಲೆಗೆ ಮಿತಿ ಸುಮಾರು ಶೇ. 35. ಪೀಸು ಇದ್ದದ್ದು 28ರಲ್ಲಿ. ಅಂತರ 7 ಅಂಕ. ಸಾಮಾನ್ಯ ರೂಢಿಯಲ್ಲಿ ಮಿತಿಗೆರೆಯ ಕೆಳಗೆ 10 ಅಂಕ ಬಿಟ್ಟು ಇನ್ನೊಂದು ಗೆರೆ ಎಳೆದು, ಎರಡರ ನಡುವಿನದನ್ನು ಅಪಾಯದ ಪಟ್ಟಿ ಎನ್ನುತ್ತಾರೆ. ನಮ್ಮ ಕವರ್ ಮೊದಲ ದಿನದಿಂದಲೂ ಅಪಾಯದ ಪಟ್ಟಿಯಲ್ಲೇ ಕುಳಿತಿತ್ತು. ವರ್ತುಲ ಮುದ್ರಿಸಿದ್ದೆವು, ಅಳೆದಿರಲಿಲ್ಲ. ಟ್ರಯಲ್ ಪಾಸ್ ಮಾಡಿದ ಸಹಿ ನನ್ನದೇ.

ಹೊಸ ಕಾಯಿಲಿನ ಪಟ್ಟಿ ಎಳೆಸಿದಾಗ ಸಮಹಿಗ್ಗು ಶೇ. 17, ಎನ್ 0.16 ಎಂದು ಬಂತು. ದರ್ಜೆ ಅದೇ, ಸರ್ಟಿಫಿಕೇಟಿನ ಈಲ್ಡು ಕೂಡ ಮಿತಿಯೊಳಗೇ. ಸೂತ್ರಕ್ಕೆ ಹಾಕಿದರೆ ತಗ್ಗಿನ ಬಿಂದು ಶೇ. 26.4ಕ್ಕೂ, ನಮ್ಮ ಮೂಲೆಯ ಮಿತಿ ಶೇ. 32ರ ಒಳಗೂ ಇಳಿದಿತ್ತು. ಅಂತರ 4 ಅಂಕವೂ ಇಲ್ಲ. ಆದರೂ ಉಳಿದಿದೆಯಲ್ಲ, ಏಕೆ ಹರಿಯಿತು ಎಂದು ಕೇಳಬಹುದು. ಎನ್ ಇಳಿದಾಗ ಮಿತಿಯಷ್ಟೇ ಕೆಳಗೆ ಬರುವುದಿಲ್ಲ. ಹಿಗ್ಗನ್ನು ಪಕ್ಕಕ್ಕೆ ಹಂಚುವ ಗುಣವೂ ಕುಗ್ಗುವುದರಿಂದ ಅದೇ ಆಳಕ್ಕೆ ಅದೇ ಮೂಲೆ ಹೆಚ್ಚು ಹಿಗ್ಗಬೇಕಾಗುತ್ತದೆ. 28 ಎಂಬುದು ಹಳೆಯ ಕಾಯಿಲಿನ ಸಂಖ್ಯೆ, ಹೊಸದರದ್ದಲ್ಲ. ಮೇಲಿನಿಂದ ಮಿತಿ ಇಳಿಯುತ್ತದೆ, ಕೆಳಗಿನಿಂದ ಪೀಸು ಏರುತ್ತದೆ, ನಡುವೆ ಎಲ್ಲೋ ಎರಡೂ ಸೇರುತ್ತವೆ. ಮೂಲೆಯ ಸುತ್ತನ್ನು ದೊಡ್ಡದು ಮಾಡಿ, ಆ ಮೂಲೆಯ ಎದುರಿನ ಡ್ರಾ ಬೀಡನ್ನು (ತಗಡು ಒಳಜಾರುವುದನ್ನು ತಡೆಹಿಡಿಯುವ ಏಣನ್ನು) ಸ್ವಲ್ಪ ಉಜ್ಜಿ ಇಳಿಸಿದ ಮೇಲೆ ಅದೇ ಕಾಯಿಲ್ ಪೂರ್ತಿ ಓಡಿತು.

ವರ್ತುಲ ಮುದ್ರಿಸುವ ಅನುಕೂಲವಿಲ್ಲದವರಿಗೆ ಇದೇ ಲೆಕ್ಕದಲ್ಲಿ ಒಂದು ಅಡ್ಡದಾರಿ ಅಡಗಿದೆ. ಎಡಭಾಗದ ಗೆರೆ ಏರುವ ರೀತಿಯಿಂದಾಗಿ ಆ ಗೆರೆಯುದ್ದಕ್ಕೂ ದಪ್ಪ ಒಂದೇ ಆಗಿರುತ್ತದೆ. ಆದ್ದರಿಂದ ಎಳೆತದ ಗೋಡೆ, ಮೂಲೆ ಮುಂತಾದ ಜಾಗಗಳಿಗೆ ಮೈಕ್ರೋಮೀಟರ್ ಒಂದೇ ಸಾಕು. ಮೇಲಿನ ಉದಾಹರಣೆಯಲ್ಲಿ 0.8ನ್ನು 1.297ರಿಂದ ಭಾಗಿಸಿದರೆ ಮಿತಿಯ ದಪ್ಪ 0.617, ಎರಡನೆಯ ಕಾಯಿಲಿಗೆ 0.633. ಹೀಗೆ ಪ್ರತಿ ಶೀಟಿಗೂ ಒಂದು ಸಂಖ್ಯೆ ತೆಗೆದು ಡೈಯ ಮೇಲೆಯೇ ಪೇಂಟಿನಿಂದ ಬರೆದಿಡಬಹುದು. ಎರಡೂ ಕಡೆ ಹಿಗ್ಗುವ ಉಬ್ಬಿಗೆ ಈ ಅಡ್ಡದಾರಿ ಸಲ್ಲದು, ಅಲ್ಲಿ ತಗಡು ಇದಕ್ಕಿಂತ ಹೆಚ್ಚು ತೆಳುವಾದರೂ ತಾಳುತ್ತದೆ.

ಈ ಗೆರೆ ಸುಳ್ಳು ಹೇಳುವ ಕಡೆಗಳು

ಕತ್ತರಿಸಿದ ಅಂಚಿನ ಬಿರುಕನ್ನು ಎಫ್‌ಎಲ್‌ಡಿ ಮುಂದಾಗಿ ಹೇಳುವುದಿಲ್ಲ. ಜೋಳದ ರೊಟ್ಟಿ ಬಡಿಯುವವರು ಇದನ್ನು ಬಲ್ಲರು: ರೊಟ್ಟಿ ಅಗಲವಾದಂತೆ ಅಂಚಿನ ಸುತ್ತಳತೆ ಹಿಗ್ಗಲೇಬೇಕು, ಹಿಟ್ಟಿನಲ್ಲಿ ಹದ ಇಲ್ಲದಿದ್ದರೆ ನಡುಭಾಗ ಗಟ್ಟಿಯಿದ್ದೂ ಅಂಚು ಸೀಳುತ್ತದೆ. ತೂತಿನ ಸುತ್ತ ಕಾಲರ್ ಎತ್ತುವಾಗ, ಒಳಬಾಗಿದ ಅಂಚನ್ನು ಮಡಿಸುವಾಗ ತಗಡಿಗೂ ಆಗುವುದು ಅದೇ. ಬ್ಲ್ಯಾಂಕ್ ಕತ್ತರಿಸುವಾಗಲೇ ಅಂಚು ಗಟ್ಟಿಯಾಗಿ, ಸಣ್ಣ ಬಿರುಕುಗಳನ್ನು ಹೊತ್ತಿರುತ್ತದೆ. ಕಟಿಂಗ್ ಡೈ ಮೊಂಡಾಗಿದ್ದರೆ, ಪಂಚಿಗೂ ಡೈಗೂ ನಡುವಿನ ಸಂದು ತಪ್ಪಿದ್ದರೆ ಬರ್, ಅಂದರೆ ಅಂಚಿನಲ್ಲಿ ಚಾಚಿದ ಚೂಪು ಏಣು, ಏಳುತ್ತದೆ. ಮೊದಲು ಬರ್ ಅಳೆಯಿರಿ, ಆಮೇಲೆ ಬರ್ ಇರುವ ಮುಖ ಒಳಬದಿಗೆ, ಕಡಿಮೆ ಹಿಗ್ಗುವ ಕಡೆಗೆ, ಬರುವಂತೆ ಬ್ಲ್ಯಾಂಕನ್ನು ತಿರುಗಿಸಿ ಒತ್ತಿನೋಡಿ. ಖರ್ಚಿಲ್ಲದ ಈ ಒಂದು ತಿರುವಿನಿಂದಲೇ ಬಿರುಕು ನಿಲ್ಲುವುದುಂಟು. ಹೊಸ ಶೀಟನ್ನು ಈ ದೃಷ್ಟಿಯಿಂದ ತೂಗಲು 10 ಮಿ.ಮೀ. ತೂತನ್ನು 60 ಡಿಗ್ರಿ ಶಂಕುವಿನಿಂದ ಬಿರುಕು ದಪ್ಪವನ್ನು ದಾಟುವವರೆಗೆ ಹಿಗ್ಗಿಸುವ ಐಎಸ್ಒ 16630 ಪರೀಕ್ಷೆ ಇದೆ.

ಎರಡು ಮೂರು ಹಂತಗಳಲ್ಲಿ ಎಳೆಯುವ ಪೀಸಿಗೂ ಈ ಗೆರೆಯನ್ನು ಹಾಗೆಯೇ ಹಚ್ಚಬಾರದು. ಆರಂಭದಿಂದ ಕೊನೆಯವರೆಗೆ ಹಿಗ್ಗು ಒಂದೇ ದಿಕ್ಕಿನಲ್ಲಿ ಸಾಗಿದರೆ ಮಾತ್ರ ಗೆರೆ ಸತ್ಯ. ಮೊದಲ ಹಂತದಲ್ಲಿ ಎರಡೂ ಕಡೆ ಹಿಗ್ಗಿಸಿ, ಎರಡನೆಯದರಲ್ಲಿ ಒಂದೇ ಕಡೆ ಎಳೆದರೆ ಚಿತ್ರದಲ್ಲಿ ಕ್ಷೇಮವಾಗಿ ಕಾಣುವ ಬಿಂದುವೂ ಹರಿಯುತ್ತದೆ. ಹೆಚ್ಚು ಬಲದ ಡ್ಯುಯಲ್ ಫೇಸ್ ಉಕ್ಕುಗಳು (ಮೃದು ಮತ್ತು ಗಡುಸು ರಚನೆ ಬೆರೆತವು) ಸಣ್ಣ ಸುತ್ತಿನ ಮೇಲೆ ಬಾಗಿ ಜಾರುವಾಗ ನೆಕ್ ಬೀಳದೆಯೇ ತುಂಡಾಗುವುದುಂಟು, ಅಲ್ಲಿ ಉಗುರಿಗೂ ಏನೂ ಸಿಗುವುದಿಲ್ಲ. ಸುತ್ತು ಮತ್ತು ದಪ್ಪದ ಅನುಪಾತವನ್ನು ದೊಡ್ಡದಾಗಿ ಇಟ್ಟುಕೊಳ್ಳುವುದೇ ದಾರಿ. ಅಲ್ಯೂಮಿನಿಯಮ್ಮಿನಲ್ಲಿ ನೆಕ್ ಬಿದ್ದದ್ದಕ್ಕೂ ಹರಿದದ್ದಕ್ಕೂ ನಡುವೆ ಬಹಳ ಕಡಿಮೆ ಅವಕಾಶ, ಅದರ ಆರ್ ಮೌಲ್ಯವೂ ಸಾಮಾನ್ಯವಾಗಿ 1ಕ್ಕಿಂತ ಕಡಿಮೆ. ಅದಕ್ಕೆ ಬಿಡುವ ಅಂತರ ಉಕ್ಕಿಗಿಂತ ಹೆಚ್ಚಿರಲಿ. ಇನ್ನು ನಿಕಲ್ ಕಡಿಮೆಯಿರುವ ಸ್ಟೇನ್‌ಲೆಸ್ ಪಾತ್ರೆಗಳ ಸಂಗತಿಯೇ ಬೇರೆ. ಆಳವಾಗಿ ಎಳೆದ ತಂಬಿಗೆ ಪ್ರೆಸ್ಸಿನಿಂದ ಸರಿಯಾಗಿಯೇ ಇಳಿದು, ಗಂಟೆಗಳೋ ದಿನಗಳೋ ಕಳೆದ ಮೇಲೆ ಬಾಯಿಯಿಂದ ಕೆಳಕ್ಕೆ ನೆಟ್ಟಗೆ ಸೀಳುತ್ತದೆ. ಒಳಗೆ ಉಳಿದ ಬಿಗಿತವೂ, ಎಳೆತದಲ್ಲಿ ಹುಟ್ಟಿದ, ಗಡುಸು ರಚನೆಯಾದ ಮಾರ್ಟೆನ್‌ಸೈಟೂ, ಹೈಡ್ರೋಜನ್ನೂ ಸೇರಿ ಮಾಡುವ ಕೆಲಸ ಇದು. ಎಳೆದ ಕೂಡಲೇ ಪರೀಕ್ಷಿಸಿ ಪಾಸ್ ಮಾಡಿದರೆ ಮೋಸ ಹೋಗುತ್ತೇವೆ. ಕೆಲವು ಪೀಸುಗಳನ್ನು ದಿನಾಂಕ ಬರೆದು ಇಟ್ಟು ನೋಡಬೇಕು, ಎಳೆತಗಳ ನಡುವೆ ಅನೀಲಿಂಗ್ (ಕಾಯಿಸಿ ಮೃದುಗೊಳಿಸುವುದು) ಕೊಡಬೇಕು.

ಡೈ ಕಡಿಯುವ ಮುನ್ನ ಕಂಪ್ಯೂಟರಿನಲ್ಲಿ ಒತ್ತಿ ನೋಡುವ ಆಟೋಫಾರ್ಮ್, ಎಲ್‌ಎಸ್-ಡೈನಾದಂಥ ಸಾಫ್ಟ್‌ವೇರುಗಳನ್ನು ಈಗ ಹೊರಗಿನವರಿಂದ ಮಾಡಿಸಿಕೊಳ್ಳಬಹುದು, ಮಾಡಿಸಿಕೊಳ್ಳಬೇಕು ಕೂಡ. ಆದರೆ ಬಣ್ಣದ ಚಿತ್ರದಲ್ಲಿ ಎಲ್ಲವೂ ಹಸಿರು ಕಂಡಿತೆಂದು ಒಪ್ಪುವ ಮುನ್ನ ಮೂರು ಪ್ರಶ್ನೆ ಕೇಳಿ: ಎನ್ ಮತ್ತು ಆರ್ ಯಾವ ಶೀಟಿನವು, ಘರ್ಷಣೆಯ ಸಂಖ್ಯೆ ಎಷ್ಟು ಹಿಡಿದಿದ್ದೀರಿ, ಮತ್ತು ನಾವು ಕೊಳ್ಳುವ ಶೀಟಿನ ಅತಿ ಕೆಟ್ಟ ಕಾಯಿಲನ್ನು ಹಾಕಿ ಓಡಿಸಿದ್ದೀರಾ? ಸಾಫ್ಟ್‌ವೇರಿನ ಲೈಬ್ರರಿಯಲ್ಲಿರುವ ಸೊಗಸಾದ ಇಡಿಡಿಯೇ ಬೇರೆ, ತಾರಿಹಾಳದ ಗೋಡೌನಿನಲ್ಲಿ ಇಳಿದ ಕಾಯಿಲೇ ಬೇರೆ.

ದಿನದ ಕಾವಲು

ಉತ್ಪಾದನೆ ನಡೆದಿರುವಾಗ ಮುನ್ಸೂಚನೆ ಕೊಡುವ ಅತಿ ಅಗ್ಗದ ಅಳತೆ ಎಂದರೆ ಅಂಚು ಒಳಗೆ ಜಾರಿದ ದೂರ. ಒಳ್ಳೆಯ ಪೀಸಿನಲ್ಲಿ ನಾಲ್ಕೂ ಬದಿಯ ಅಂಚು ಎಷ್ಟು ಒಳಬಂದಿದೆ ಎಂದು ಸ್ಕೇಲಿನಿಂದ ಅಳೆದು ಬರೆದಿಡಿ. ಒಂದು ಬದಿಯಲ್ಲಿ ಅದು ದಿನೇದಿನೇ ಕಡಿಮೆಯಾಗುತ್ತಿದ್ದರೆ ಅಲ್ಲಿ ತಗಡು ಜಾರುವ ಬದಲು ಹಿಗ್ಗುತ್ತಿದೆ. ಎಣ್ಣೆ, ಕುಶನ್ನಿನ (ಹೋಲ್ಡರನ್ನು ಒತ್ತಿಹಿಡಿಯುವ ಭಾಗದ) ಒತ್ತಡ ಅಥವಾ ಡೈಗೆ ಮೆತ್ತಿದ ಲೋಹವನ್ನು ಅಂದೇ ನೋಡಿದರೆ ಹರಿಯುವ ದಿನ ಬರುವುದಿಲ್ಲ. ಕಾಯಿಲ್ ಬದಲಾದಾಗ ಅದರ ನಂಬರನ್ನು ಪೀಸಿನ ರಿಜಿಸ್ಟರಿನಲ್ಲಿ ಬರೆಯುವುದೂ ಇಷ್ಟೇ ಮುಖ್ಯ. ನಮ್ಮ ಕವರಿನ ವಿಷಯದಲ್ಲಿ ಆ ಒಂದು ಸಾಲು ಇದ್ದಿದ್ದರೆ ಎರಡು ದಿನ ಉಳಿಯುತ್ತಿದ್ದವು.

ದಾಸ್ತಾನಿನ ವಯಸ್ಸನ್ನೂ ಗಮನಿಸಬೇಕು. ಸ್ಕಿನ್ ಪಾಸ್ (ಕೊನೆಯ ಹಗುರ ಉರುಳಿಕೆ) ಆದ ಸಾಮಾನ್ಯ ಮೃದು ಉಕ್ಕು ತಿಂಗಳುಗಟ್ಟಲೆ ಬಿದ್ದಿದ್ದರೆ ಮುಪ್ಪಾಗುತ್ತದೆ, ಏಪ್ರಿಲ್ ಬಿಸಿಲಿಗೆ ಕಾದ ತಗಡಿನ ಛಾವಣಿಯ ಕೆಳಗೆ ಇನ್ನೂ ಬೇಗ. ಒತ್ತಿದಾಗ ಮೇಲ್ಮೈಯಲ್ಲಿ ಜ್ವಾಲೆಯಂಥ ಗೆರೆಗಳು ಎದ್ದರೆ ಅದು ಮುಪ್ಪಿನ ಗುರುತು. ಈಲ್ಡ್ ಏರಿ ಹಿಗ್ಗು ಇಳಿದಿರುತ್ತದೆ. ಮೊದಲು ಬಂದ ಕಾಯಿಲ್ ಮೊದಲು ಮುಗಿಯಲಿ. ಐಎಫ್ ಉಕ್ಕಿಗೆ, ಅಂದರೆ ಬಿಡಿ ಇಂಗಾಲ, ನೈಟ್ರೋಜನ್ ಉಳಿಯದಂತೆ ಮಾಡಿದ ಉಕ್ಕಿಗೆ, ಈ ಕಾಟವಿಲ್ಲ.

ಕೊನೆಯದಾಗಿ, ಪ್ರತಿ ಡೈಗೂ ಒಂದು ಒಳ್ಳೆಯ ಪೀಸನ್ನು ಅಪಾಯದ ಜಾಗದಲ್ಲಿ ಕೊಯ್ದು, ಆ ಕೊಯ್ತದ ಪಕ್ಕದಲ್ಲಿ ಮೂರು ಸಂಖ್ಯೆ ಬರೆದು ಪ್ರೆಸ್ಸಿನ ಬದಿಗೆ ತೂಗುಹಾಕಿ: ಮೂಲ ದಪ್ಪ, ಅಳೆದ ದಪ್ಪ, ಮಿತಿಯ ದಪ್ಪ. ಹೊಸ ಕಾಯಿಲ್ ಏರಿಸಿದಾಗ ಮೊದಲ ಐದು ಪೀಸುಗಳಲ್ಲಿ ಒಂದನ್ನು ಅದೇ ಜಾಗದಲ್ಲಿ ಕೊಯ್ದು ಮೈಕ್ರೋಮೀಟರ್ ಹಿಡಿಯಬೇಕು, ಸಂಖ್ಯೆ ಹೊಂದಿದ ಮೇಲೆಯೇ ಆಪರೇಟರ್ ಪೂರ್ತಿ ವೇಗಕ್ಕೆ ಹೋಗಬೇಕು.